ತ್ರಿವಳಿ ಮೊಳಗಿದ ನಾಡಿನಲ್ಲಿ

ಗೋಕಾಕದ ಪೇಟೆಯನ್ನು ಬೆಳಗಿನ ಹೊತ್ತಿನಲ್ಲೇ ನೋಡಬೇಕು. ಕರದಂಟಿನ ಅಂಗಡಿಗಳ ಹಿಂಬದಿಯಲ್ಲಿ ಬೆಲ್ಲದ ಪಾಕ ಕುದಿಯತೊಡಗಿ, ತುಪ್ಪದಲ್ಲಿ ಅರಳಿದ ಅಂಟಿನ ಕಂಪು ಒಣಕೊಬ್ಬರಿ, ಉತ್ತತ್ತಿಗಳ ಕಂಪಿನೊಡನೆ ಬೆರೆತು ಬೀದಿಗೆ ಇಳಿಯುವ ಹೊತ್ತು ಅದು. ಆ ಕಂಪನ್ನು ದಾಟಿಕೊಂಡು ಓಣಿಯೊಳಗೆ ಹೊರಳಿದರೆ ಗಾಳಿಯೇ ಬೇರೆ. ಈಗಷ್ಟೇ ಕೆತ್ತಿದ ಹಗುರ ಕಟ್ಟಿಗೆಯ ಹೊಟ್ಟು, ಒಣಗಲಿಟ್ಟ ಬಣ್ಣ, ಚಿಂದಿ ಬಟ್ಟೆಯಲ್ಲಿ ಸುತ್ತಿಟ್ಟ ಕುಂಚಗಳು. ಇದು ಗೊಂಬೆ ಮಾಡುವ ಚಿತ್ರಗಾರರ ಮನೆ. ಬಾಗಿಲ ಬಳಿಯ ಹಲಗೆಯ ಮೇಲೆ ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು, ಸೀತಾಫಲಗಳು ನಿಜದ ಹಣ್ಣಿನ ಬಣ್ಣ ಹೊತ್ತು ಸಾಲಾಗಿ ಕುಳಿತಿವೆ. ಒಳಗೆ ಕಾಲು ಚಾಚಿ ಕುಳಿತ ಹಿರಿಯರೊಬ್ಬರು ಗೇಣುದ್ದದ ಗೊಂಬೆಯನ್ನು ಅಂಗಾಲುಗಳ ನಡುವೆ ಒತ್ತಿ ಹಿಡಿದು, ಉಳಿಯ ತುದಿಯಿಂದ ಅದರ ನೆತ್ತಿಯನ್ನು ತಿದ್ದುತ್ತಿದ್ದಾರೆ. ಕಣ್ಣು, ಮೂಗು ಇನ್ನೂ ಮೂಡಿಲ್ಲ.

“ಇಂವ ರಾಜಾ ಏನ್ರಿ ಅಜ್ಜಾರ, ಗೌಡ ಏನ್ರಿ?”

“ಇನ್ನಾ ಯಾರೂ ಅಲ್ರಿ. ತಲಿ ಮ್ಯಾಲ ಏನ ಕೂಡತೈತಿ ನೋಡೂಣು.”

ರುಮಾಲು ಕೂತರೆ ಗೌಡ, ಟೋಪಿ ಕೂತರೆ ಪೊಲೀಸ, ಮೂರು ಕವಲಿನ ಕಿರೀಟ ಕೂತರೆ ರಾಜ. ಮೈ ಒಂದೇ, ಕಟ್ಟಿಗೆಯೂ ಒಂದೇ. ನಿಜದ ರಾಜರ ಮಾತಿಗೆ ಬಂದರೆ, ಲಂಡನ್ನಿನಲ್ಲಿ 2023ರ ಮೇ ತಿಂಗಳಲ್ಲಿ ಮೂರನೆಯ ಚಾರ್ಲ್ಸನ ತಲೆಯ ಮೇಲೆ ಇಟ್ಟ ಸಂತ ಎಡ್ವರ್ಡರ ಕಿರೀಟ ಎರಡು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಅದನ್ನು ಮಾಡಿಸಿದ್ದು 1661ರಲ್ಲಿ. ಅದಕ್ಕೂ ಹಿಂದಿನ ಕಿರೀಟವನ್ನು 1649ರಲ್ಲಿ ರಾಜನ ತಲೆಯನ್ನೇ ತೆಗೆಸಿದ ಪಾರ್ಲಿಮೆಂಟಿನವರು ಕರಗಿಸಿಬಿಟ್ಟಿದ್ದರು. ಹಳೆಯ ಸಾಮಾನುಗಳಲ್ಲಿ ಉಳಿದುಬಂದದ್ದು 12ನೆಯ ಶತಮಾನದ ಒಂದು ಚಮಚ, ರಾಜನ ನೆತ್ತಿಗೆ ಎಣ್ಣೆ ಹಚ್ಚುವುದಕ್ಕೆ ಬಳಸುವಂಥದು. ನಮ್ಮಲ್ಲಿ ಪಟ್ಟದ ವಿಧಿಯನ್ನು ಹೇಳುವ ಅತಿ ಹಳೆಯ ಗ್ರಂಥಗಳಲ್ಲೊಂದಾದ ಐತರೇಯ ಬ್ರಾಹ್ಮಣದಲ್ಲಿ ರಾಜ ಕೂರುವ ಪೀಠ ಚಿನ್ನದ್ದಲ್ಲ, ಅತ್ತಿಮರದ್ದು. ಅದರ ಮೇಲೆ ಹುಲಿಯ ಚರ್ಮ ಹಾಸಿ, ನೀರೆರೆದು ಅಭಿಷೇಕ ಮಾಡುತ್ತಿದ್ದರು. ಆ ಪೀಠವನ್ನೂ ಇಂಥದೇ ಯಾವುದೋ ಓಣಿಯ ಬಡಿಗ ಉಳಿ ಹಿಡಿದು ಕೆತ್ತಿದ್ದಾನು.

ಅದೇ ಪೇಟೆಯ ಮದುವೆ ಸಾಮಾನಿನ ಅಂಗಡಿಯ ಮುಂದೆ ಸ್ವಲ್ಪ ನಿಲ್ಲೋಣ. ಅರಿಸಿನ ಕೊಂಬು, ಹಸಿರು ಬಳೆ, ಬಾಗಿನದ ಮೊರಗಳ ನಡುವೆ ಬೆಂಡಿನ ಬಾಸಿಂಗಗಳು ದಾರದಲ್ಲಿ ತೂಗಾಡುತ್ತಿವೆ. ಜರಿ, ಬಣ್ಣದ ಕಾಗದ, ಮುತ್ತಿನ ಹಾಗೆ ಹೊಳೆಯುವ ಮಣಿ. ಫ್ಯಾನು ತಿರುಗಿದ ಕಡೆಗೆಲ್ಲ ಅವೂ ತಿರುಗುತ್ತವೆ. ಹಳ್ಳಿಯಿಂದ ಬಂದ ಅವ್ವ ಒಬ್ಬಳು ಒಂದನ್ನು ಎತ್ತಿ ಪಕ್ಕದಲ್ಲಿ ನಾಚಿ ನಿಂತ ಮಗನ ಹಣೆಗೆ ಹಿಡಿದು, ದೂರ ಸರಿದು ನೋಡಿ, “ಸಣ್ಣದಾತು, ಇನ್ನೊಂದ ತೆಗಿಯಪಾ” ಅನ್ನುತ್ತಾಳೆ. ಹಣೆಯ ಅಗಲಕ್ಕೆ ತಕ್ಕ ಅಳತೆ ಬೇಕು ಎಂಬ ಅವಳ ಹಟ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಹಣೆಗೆ ಕಟ್ಟುವ ಚಿನ್ನದ ಪಟ್ಟಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ರಾಜನ ಪಟ್ಟ ನಡುವಿನಲ್ಲಿ 8 ಅಂಗುಲ ಅಗಲವಿರಬೇಕು, ರಾಣಿಯದು 7, ಯುವರಾಜನದು 6, ಸೇನಾಪತಿಯದು 4. ರಾಜನ ಪಟ್ಟಕ್ಕೆ ಐದು ಶಿಖೆ, ರಾಣಿಗೂ ಯುವರಾಜನಿಗೂ ಮೂರು, ಸೇನಾಪತಿಗೆ ಒಂದೇ. ರಾಜ ಮೆಚ್ಚಿ ಕೊಡುವ ಪ್ರಸಾದಪಟ್ಟಕ್ಕೆ ಎರಡೇ ಅಂಗುಲ, ಶಿಖೆ ಇಲ್ಲ. ದರ್ಬಾರಿನಲ್ಲಿ ಯಾರು ಯಾರೆಂಬುದನ್ನು ದೂರದಿಂದಲೇ ಹಣೆ ನೋಡಿ ಹೇಳಬಹುದಿತ್ತು. ಈ ಸೀಮೆಯ ರೈತರ ಮನೆಯ ಮದುವೆಗಳಲ್ಲಿ ಬಾಸಿಂಗ ಕಟ್ಟಿದ ಮೇಲೆ ಮದುಮಗನನ್ನು ಯಾರೂ ಏಕವಚನದಲ್ಲಿ ಗದರಿಸುವುದಿಲ್ಲ. ಅವನ ತಲೆಯ ಮೇಲೆ ಕೊಡೆ ಹಿಡಿಯುತ್ತಾರೆ, ಕುದುರೆ ಹತ್ತಿಸುತ್ತಾರೆ, ಹೊತ್ತು ಕುಣಿಸುತ್ತಾರೆ.

ಮೂಡಲಗಿಯ ಕಡೆ ಸಂಜೆ ಹೊರಡಿ. ಎರಡೂ ಬದಿ ಕಬ್ಬು, ಗೋವಿನಜೋಳ, ಅಲ್ಲಲ್ಲಿ ಅರಿಸಿನದ ಅಗಲ ಎಲೆ. ಕಾಲುವೆಯ ನೀರಿನ ತಂಪು ರಸ್ತೆಗೆ ಬರುತ್ತದೆ. ಊರಿನ ಗುಡಿಯ ಮುಂದೆ ಹಲಗೆ ಜೋಡಿಸಿ ಪಾರಿಜಾತದ ಆಟಕ್ಕೆ ಅಟ್ಟ ಕಟ್ಟುತ್ತಿದ್ದಾರೆ. ಶ್ರೀಕೃಷ್ಣ ಪಾರಿಜಾತ ಈ ನೆಲದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ತಿದ್ದಿ ಬೆಳೆಸಿ ಬಯಲಿಗೆ ತಂದ ಕುಲಗೋಡ ತಮ್ಮಣ್ಣನ ಊರು ಇದೇ ಸುತ್ತಿನದು. ಪಾರಿಜಾತವನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ.

ಶಾಲೆಯ ಕೋಣೆಯೇ ಬಣ್ಣದ ಮನೆ. ಪತ್ರೆಯ ಟ್ರಂಕು ತೆರೆದಾಗ ಡಾಂಬರ ಗುಳಿಗೆಯ ಘಾಟು ಮೊದಲು ಹೊರಬರುತ್ತದೆ. ಆಮೇಲೆ ಹಳೆಯ ಧೋತರದಲ್ಲಿ ಕೂಸಿನಂತೆ ಸುತ್ತಿಟ್ಟ ಕಿರೀಟ. ಕಟ್ಟಿಗೆಗೆ ಬೇಗಡೆ ಹಚ್ಚಿ, ಕನ್ನಡಿಯ ಚೂರು ಕೂರಿಸಿ ಮಾಡಿದ್ದು. ಜೊತೆಗೆ ಭುಜಕೀರ್ತಿ, ಎದೆಹಾರ, ತೋಳಬಂದಿ, ಡಾಬು. ಕೃಷ್ಣನ ವೇಷದವನು ಹಗಲೆಲ್ಲ ಕಬ್ಬಿಗೆ ನೀರು ಕಟ್ಟಿ ಬಂದವನು. ಮುಖಕ್ಕೆ ಬಣ್ಣ ಬಳಿದುಕೊಂಡು, ಹುಬ್ಬು ತೀಡಿಕೊಂಡು ಸುಮ್ಮನೆ ಕೂರುತ್ತಾನೆ. ಮೇಳದ ಹಿರಿಯ ಕಿರೀಟಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು ಅವನ ಕೈಗಿಡುತ್ತಾನೆ. ಅವನು ಎರಡೂ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಅದು ತಲೆಗೇರುವುದು. ದಾರವನ್ನು ಗದ್ದದ ಕೆಳಗೆ ಬಿಗಿಯುವಾಗ ಹಿರಿಯ ಕೇಳುತ್ತಾನೆ: “ಕೂತೈತೇನೋ?” ಇವನು ತಲೆ ಅಲ್ಲಾಡಿಸಿ ನೋಡಿ, ಹೂಂಗುಟ್ಟುತ್ತಾನೆ. ಹೊರಗೆ ಹಾರ್ಮೋನಿಯಂ ಶ್ರುತಿ ಹಿಡಿದಿದೆ, ತಾಳ ಕೂಡಿಕೊಂಡಿದೆ, ಭಾಗವತನ ದನಿ ಏರುತ್ತಿದೆ. ಇನ್ನು ಬೆಳತನಕ ನಾರದ ತಂದ ಹೂವು ರುಕ್ಮಿಣಿಯ ಪಾಲಾಗುವುದು, ಸತ್ಯಭಾಮೆ ಮುನಿದು ಬಾಗಿಲು ಹಾಕಿಕೊಳ್ಳುವುದು, ಕಿರೀಟ ಹೊತ್ತ ದೊರೆ ಆ ಬಾಗಿಲಲ್ಲಿ ಅಂಗಲಾಚುವುದು. ಊರ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುವುದು ಇಲ್ಲಿಯೇ.

ಆದರೆ ಈ ಸೀಮೆಯಲ್ಲಿ ದೊರೆತನದ ದೊಡ್ಡ ಗುರುತು ತಲೆಯ ಮೇಲಿರಲಿಲ್ಲ, ಕಿವಿಗೆ ಬೀಳುತ್ತಿತ್ತು. ಅದನ್ನು ಅರಿಯಲು ಕಲ್ಲಿನ ಬಳಿ ಹೋಗಬೇಕು.

ಗೋಕಾಕದ ಜಲಪಾತದಲ್ಲಿ ಘಟಪ್ರಭೆ 52 ಮೀಟರು ಕೆಳಗೆ ಧುಮುಕುತ್ತದೆ. ಆ ಮೊರೆತ ಕೇಳುವಷ್ಟು ಸಮೀಪದಲ್ಲೇ ಕೊಣ್ಣೂರು. ಇಲ್ಲಿಯ ಜಿನಾಲಯದ ಶಾಸನ 1087ರದು. ಅದರ ಕಾಲಗಣನೆಯಲ್ಲಿಯೇ ಒಂದು ಪಟ್ಟಾಭಿಷೇಕ ಅಡಗಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿದಾಗ ಶಕವರ್ಷವನ್ನು ಬದಿಗಿಟ್ಟು ತನ್ನ ಪಟ್ಟದಿಂದಲೇ ವರ್ಷ ಎಣಿಸುವ ಚಾಲುಕ್ಯ ವಿಕ್ರಮ ಶಕೆಯನ್ನು ನಡೆಸಿದ. ಅವನ ಸಿಂಹಾಸನ ಏನಾಯಿತೋ, ಕೊಡೆ ಎಲ್ಲಿ ಹೋಯಿತೋ, ಆ ಎಣಿಕೆ ಮಾತ್ರ ಕನ್ನಡನಾಡಿನ ನೂರಾರು ಕಲ್ಲುಗಳ ಮೇಲೆ ಗಟ್ಟಿಯಾಗಿ ಕೂತಿದೆ. ಅವನ ಮಗ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಅರಸನ ಆಸನ, ಚಾಮರಗಳ ವೈಭೋಗವನ್ನು ಬಿಡಿಬಿಡಿಯಾಗಿ ಬರೆದಿಟ್ಟ.

ಮೂಡಲಗಿ ತಾಲ್ಲೂಕಿನ ಕಲ್ಲೋಳಿಗೆ ಶನಿವಾರ ಹೋದರೆ ಹನುಮಪ್ಪನ ದರ್ಶನಕ್ಕೆ ಬಂದವರ ಗದ್ದಲ. ಕಾಯಿ ಕರ್ಪೂರದ ಅಂಗಡಿಗಳು, ಎಕ್ಕೆಯ ಹಾರದ ಬುಟ್ಟಿಗಳು. ಇದೇ ಊರಿನ ಶಾಂತಿನಾಥ ಬಸದಿಗೆ ದಾನ ಬಿಟ್ಟ 1204ರ ಶಾಸನ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನದು. ಆಗ ಅವನು ತಮ್ಮ ಮಲ್ಲಿಕಾರ್ಜುನನನ್ನು ಯುವರಾಜನನ್ನಾಗಿ ಮಾಡಿಕೊಂಡು ವೇಣುಗ್ರಾಮದಿಂದ, ಎಂದರೆ ಇಂದಿನ ಬೆಳಗಾವಿಯಿಂದ, ಕೂಂಡಿ ಮೂರು ಸಾವಿರವೆಂಬ ನಾಡನ್ನು ಆಳುತ್ತಿದ್ದ. ರಟ್ಟರ ಶಾಸನಗಳಲ್ಲಿ ದೊರೆಯ ಹೆಸರು ಒಂಟಿಯಾಗಿ ಬರುವುದಿಲ್ಲ. ಮೆರವಣಿಗೆಯೇ ಮುಂದೆ ನಡೆದು ಬರುತ್ತದೆ. ಲತ್ತಲೂರಿನ ಮೂಲದವನು, ಚಿನ್ನದ ಗರುಡನ ಬಾವುಟದವನು, ಆನೆಯ ಲಾಂಛನದವನು, ತ್ರಿವಳಿ ಎಂಬ ವಾದ್ಯದ ಮೊಳಗಿನೊಡನೆ ಬರುವವನು. ಹಲಸಿ, ಗೋವೆಯ ಕಡೆಯ ಕದಂಬರಿಗೆ ಸಿಂಹ ಲಾಂಛನ, ವಾನರನ ಬಾವುಟ, ಪೆರ್ಮಟ್ಟಿ ಎಂಬ ಬೇರೆಯದೇ ವಾದ್ಯ. ದಾರಿಯ ತಿರುವಿನಾಚೆ ಧೂಳು ಏಳುವ ಮೊದಲೇ, ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದವನು ಸದ್ದಿನಿಂದಲೇ ಬರುತ್ತಿರುವ ದೊರೆ ಯಾರೆಂದು ತಿಳಿಯಬಹುದಿತ್ತು.

ಇನ್ನೊಂದು ಗೌರವ ಪಂಚಮಹಾಶಬ್ದ. ಐದು ವಾದ್ಯಗಳನ್ನು ಮುಂದೆ ನುಡಿಸಿಕೊಂಡು ಹೋಗುವ ಹಕ್ಕು. ಅದನ್ನು ತಾನಾಗಿ ತೆಗೆದುಕೊಳ್ಳುವಂತಿರಲಿಲ್ಲ, ಮೇಲಿನ ಚಕ್ರವರ್ತಿಯಿಂದ ಪಡೆಯಬೇಕಿತ್ತು. ನಿಜಗುಣ ಶಿವಯೋಗಿಯ ವಿವೇಕಚಿಂತಾಮಣಿ ಆ ಐದನ್ನು ಹೆಸರಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವುದೇ ಊರಿನ ಪಲ್ಲಕ್ಕಿಯ ಜೊತೆ ಒಂದು ಫರ್ಲಾಂಗು ನಡೆಯಿರಿ. ಎದುರಿಗೆ ಬಾಗಿದ ಕೊಂಬು ಮುಗಿಲಿಗೆ ಮುಖ ಮಾಡಿ ಕೂಗುತ್ತದೆ. ಬೆಂಕಿಗೆ ಕಾಸಿ ಬಿಗಿ ಮಾಡಿಕೊಂಡ ಹಲಗಿ ಕಿವಿಯ ಪಕ್ಕದಲ್ಲೇ ಸಿಡಿಯುತ್ತದೆ. ಗುಡಿಯ ನಗಾರಿ, ಪೂಜಾರಿಯ ಶಂಖ, ಹುಡುಗರ ಕೈಯ ಜಾಗಟೆ. ಅವುಗಳ ನಡುವೆ ಕರಡಿಮಜಲಿನವರು, ಕೊರಳಿಗೆ ತೂಗುಹಾಕಿದ ಕರಡಿಯನ್ನು ಬಾರಿಸುತ್ತ, ಶಹನಾಯಿಯ ಎಳೆ ಹಿಡಿದು ಹೆಜ್ಜೆ ಹಾಕುತ್ತಾರೆ. ದೊರೆಗಳಿಗೆ ಅಳೆದು ಸುರಿದು ಕೊಡುತ್ತಿದ್ದ ಐದು ಸದ್ದುಗಳು ದುರಗವ್ವ, ದ್ಯಾಮವ್ವ, ಬಸವಣ್ಣರ ಪಾಲಾಗಿ ಊರಿಗೇ ಉಳಿದಿವೆ. ಇದಕ್ಕಿಂತ ಒಳ್ಳೆಯ ಉತ್ತರಾಧಿಕಾರ ನನಗೆ ಕಂಡಿಲ್ಲ.

ಜೈನರ ಬಸದಿಗಳಲ್ಲಿ ಈ ರಾಜಚಿಹ್ನೆಗಳು ಇನ್ನೂ ಅಚ್ಚರಿಯ ಜಾಗ ಹಿಡಿದಿವೆ. ರಾಜ್ಯವನ್ನೇ ಬಿಟ್ಟು ಹೋದ ತೀರ್ಥಂಕರನಿಗೆ ಶಿಲ್ಪಿಗಳು ಸಿಂಹಾಸನ ಕೆತ್ತುತ್ತಾರೆ, ತಲೆಯ ಮೇಲೆ ಮುಕ್ಕೊಡೆ ಹಿಡಿಸುತ್ತಾರೆ, ಎರಡೂ ಬದಿಗೆ ಚಾಮರ ಬೀಸುವವರನ್ನು ನಿಲ್ಲಿಸುತ್ತಾರೆ. ಬಿಟ್ಟವನಿಗೇ ಎಲ್ಲವನ್ನೂ ಸಲ್ಲಿಸಿದ ಆ ಕಲ್ಲುಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು.

ಹುಕ್ಕೇರಿಯ ದಾರಿಯಲ್ಲಿ ನೋಟ ಬದಲಾಗುತ್ತದೆ. ಆದಿಲಶಾಹಿ ಕಾಲದ ಗುಮ್ಮಟಗಳು ಮನೆಗಳ ಮಾಳಿಗೆಯ ಮೇಲಿಂದ ಕಪ್ಪಗೆ ತಲೆ ಎತ್ತುತ್ತವೆ. ಪಾರಿವಾಳಗಳು ಒಳಗಿನ ಕತ್ತಲಲ್ಲಿ ರೆಕ್ಕೆ ಬಡಿದರೆ ಸದ್ದು ಗುಮ್ಮಟದ ಸುತ್ತ ತಿರುಗಿ ಬರುತ್ತದೆ. ಸುಲ್ತಾನರ ಕಡೆಯವರು ತಂದ ಚಿಹ್ನೆಗಳು ಈಟಿಯ ತುದಿಯಲ್ಲಿರುತ್ತಿದ್ದವು. ಮರಾಠರ ದರ್ಬಾರಿಗೂ ಅವು ಬಂದವು. 1674ರ ಜೂನ್ 6ರಂದು ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ ಕಂಡ ಇಂಗ್ಲಿಷ್ ದೂತ ಹೆನ್ರಿ ಆಕ್ಸೆಂಡನ್, ಸಿಂಹಾಸನದ ಒಂದು ಬದಿಗೆ ಈಟಿಯ ಮೇಲೆ ಚಿನ್ನದ ಮೀನಿನ ತಲೆಗಳನ್ನು, ಇನ್ನೊಂದು ಬದಿಗೆ ಕುದುರೆ ಬಾಲಗಳನ್ನೂ ಚಿನ್ನದ ತಕ್ಕಡಿಯನ್ನೂ ನೋಡಿ ಬರೆದಿಟ್ಟಿದ್ದಾನೆ. ಮೊಗಲರ ಮೀನು, ವೇದದ ಕಲಶದ ನೀರು, ನ್ಯಾಯದ ತಕ್ಕಡಿ ಎಲ್ಲ ಒಂದೇ ದರ್ಬಾರಿನಲ್ಲಿ.

ಹುಕ್ಕೇರಿ, ನಿಡಸೋಸಿ, ಸಂಕೇಶ್ವರಗಳು ಮಠಗಳ ಊರು. ಇಲ್ಲಿಯ ಜನ ಪಟ್ಟ ಎಂದರೆ ಅರಮನೆಯನ್ನು ನೆನೆಯುವುದಿಲ್ಲ, ಸ್ವಾಮಿಗಳ ಪಟ್ಟಾಧಿಕಾರವನ್ನು ನೆನೆಯುತ್ತಾರೆ. ಹಾದಿಗೆ ನೀರು ಚಿಮುಕಿಸಿ ರಂಗೋಲಿ, ತೋರಣ, ಕುಂಭ ಹೊತ್ತ ಹೆಣ್ಣುಮಕ್ಕಳ ಸಾಲು, ಛತ್ರ, ಚಾಮರ, ನಂದಿಕೋಲು, ಕೊನೆಗೆ ಅಡ್ಡಪಲ್ಲಕ್ಕಿ. ಅಡ್ಡವಾಗಿ ಹೊರುವ ಈ ಪಲ್ಲಕ್ಕಿಗೆ ಬೀದಿಯ ಪೂರ್ತಿ ಅಗಲ ಬೇಕು. ಎದುರು ಬಂದವರು ಸರಿಯಲೇಬೇಕು. ಆ ಕಾರಣಕ್ಕೇ ಅದರ ಹಕ್ಕಿಗಾಗಿ ಮಠಗಳ ನಡುವೆ ಹುಟ್ಟಿದ ವ್ಯಾಜ್ಯ 1840ರ ದಶಕದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಗಿತ್ತು.

ಅರಮನೆಯ ಪಟ್ಟದ ಮಾತಿಗೆ ಬಂದರೆ ಮೈಸೂರಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ಹುಲಿ ಸಿಂಹಾಸನವನ್ನು ಒಡೆದು ಚೂರು ಮಾಡಿ ಹಂಚಿಕೊಂಡರು. ಅದರ ಹುಮಾ ಹಕ್ಕಿ ವಿಂಡ್ಸರಿನ ಅರಮನೆ ಸೇರಿತು. ಅದೇ ವರ್ಷ ಜೂನ್ 30ರಂದು ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದರು. ಆದರೆ ಇಲ್ಲಿ, ಹುಕ್ಕೇರಿ ತಾಲ್ಲೂಕಿನಲ್ಲಿ, ರಾಜ ಎಂಬ ಹೆಸರು ಉಳಿದಿರುವುದು ನೀರಿನ ಮೇಲೆ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿಗೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರಿದೆ. ವಿದ್ಯೆಗೆ ಕೈಯೆತ್ತಿ ಕೊಟ್ಟವರು ಅವರು. ಆ ನೀರೇ ಗೋಕಾಕ, ಮೂಡಲಗಿಯ ಕಬ್ಬಿಗೆ ಹರಿಯುತ್ತದೆ.

ಚಿನ್ನದ ಕಿರೀಟಗಳಿಗೆ ಗಾಜಿನ ಪೆಟ್ಟಿಗೆ, ಪೊಲೀಸರ ಕಾವಲು ಇದೆ. ಕೊಂಬಿನವರಿಗೆ, ಹಲಗಿಯವರಿಗೆ, ಕರಡಿಮಜಲಿನವರಿಗೆ, ಬಾಸಿಂಗ ಕಟ್ಟುವವರಿಗೆ, ಕಟ್ಟಿಗೆಯ ಕಿರೀಟ ಕೆತ್ತುವವರಿಗೆ ಕಾವಲೆಂದರೆ ನಮ್ಮ ಕರೆಯೊಂದೇ. ಲಾರಿಯ ಮೇಲೆ ಪೆಟ್ಟಿಗೆ ಪೇರಿಸಿದ ಡಿ.ಜೆ. ಬಂದ ಊರಿನಲ್ಲಿ ಅವರ ಸರದಿ ತಪ್ಪುತ್ತಿದೆ, ಮಕ್ಕಳು ವಾದ್ಯ ಹಿಡಿಯದೆ ಬೇರೆ ದುಡಿಮೆಗೆ ಹೋಗುತ್ತಿದ್ದಾರೆ. ಕೊಣ್ಣೂರು, ಕಲ್ಲೋಳಿಗೆ ಹೋದಾಗ ಮಕ್ಕಳಿಗೆ ರಟ್ಟರ ಕಥೆ ಹೇಳಿ. ಗೋಕಾಕಕ್ಕೆ ಕರದಂಟು ಕೊಳ್ಳಲು ಹೋದವರು ಓಣಿಯೊಳಗೂ ಹೊರಳಿ ಒಂದು ಗೊಂಬೆ ತನ್ನಿ. ಮನೆಯಲ್ಲಿ ಮದುವೆ ಗೊತ್ತಾದ ದಿನವೇ ನಿಮ್ಮೂರಿನ ಕರಡಿಮಜಲಿನವರ ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟು, ಬರಬೇಕೆಂದು ಕೇಳಿಕೊಳ್ಳಿ.