ಆಹ್ವಾನವಿಲ್ಲದವರ ರಂಗೋತ್ಸವ

ನಾಟಕವೊಂದು ರಂಗವೇರಲು ಯೋಗ್ಯವೇ ಎಂದು ಮುಂಚಿತವಾಗಿ ತೀರ್ಮಾನಿಸಬೇಕಾದವರು ಯಾರು? ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಆಯ್ಕೆ ಸಮಿತಿ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ‘ಫ್ರಿಂಜ್’ ಉತ್ಸವದ ಉತ್ತರವೇ ಬೇರೆ. ಉತ್ಸವದ ಮಟ್ಟದಲ್ಲಿ ಅಲ್ಲಿ ಆಯ್ಕೆಯೆಂಬುದೇ ಇಲ್ಲ. ನೋಂದಣಿ ಶುಲ್ಕ ಕಟ್ಟಿ, ಸ್ಥಳ ಗೊತ್ತುಮಾಡಿಕೊಂಡ ಯಾರು ಬೇಕಾದರೂ ನಾಟಕವಾಡಬಹುದು. 2019ರಲ್ಲಿ ಹಾಸ್ಯ, ಸಂಗೀತ, ನೃತ್ಯಗಳೂ ಸೇರಿ 3,800ಕ್ಕೂ ಹೆಚ್ಚು ಪ್ರಯೋಗಗಳು ಅಲ್ಲಿ ನಡೆದವು. ಆ ವರ್ಷ ಐದು ದಿನಗಳಲ್ಲಿ ಹದಿನಾಲ್ಕು ನಾಟಕಗಳನ್ನು ನೋಡಿದ ಮೇಲೆ, ರಂಗಭೂಮಿಯ ದಿಟ್ಟತನಕ್ಕೂ ಅದರ ಬಾಗಿಲನ್ನು ಕಾಯುವ ವ್ಯವಸ್ಥೆಗೂ ಇರುವ ನಂಟು ನನಗೆ ಹೆಚ್ಚು ಸ್ಪಷ್ಟವಾಯಿತು.

ಎರಡನೇ ಮಹಾಯುದ್ಧದಿಂದ ಜರ್ಜರಿತವಾದ ಯುರೋಪಿಗೆ ಕಲೆಯ ಮೂಲಕ ಚೇತರಿಕೆ ನೀಡುವ ಆಶಯದೊಂದಿಗೆ 1947ರಲ್ಲಿ ಎಡಿನ್‌ಬರೊ ಅಂತರರಾಷ್ಟ್ರೀಯ ಉತ್ಸವ ಆರಂಭವಾಯಿತು. ಸ್ಕಾಟ್ಲೆಂಡಿನ ಆರು ಹಾಗೂ ಇಂಗ್ಲೆಂಡಿನ ಎರಡು ತಂಡಗಳು ಆಹ್ವಾನವಿಲ್ಲದೆಯೇ ಬಂದು, ತಾವೇ ಸ್ಥಳ ಹುಡುಕಿಕೊಂಡು ನಾಟಕವಾಡಿದವು. ಮರುವರ್ಷ ನಾಟಕಕಾರ ರಾಬರ್ಟ್ ಕೆಂಪ್ ಪತ್ರಿಕಾ ಲೇಖನವೊಂದರಲ್ಲಿ ಇಂಥ ಪ್ರಯೋಗಗಳನ್ನು ಅಧಿಕೃತ ಉತ್ಸವದ ‘ಫ್ರಿಂಜ್’, ಅಂದರೆ ಅಂಚು, ಎಂದು ಕರೆದರು. ಆ ಹೆಸರೇ ನಿಂತಿತು. 1958ರಲ್ಲಿ ಫ್ರಿಂಜ್ ಸೊಸೈಟಿ ಸ್ಥಾಪನೆಯಾದಾಗ, ಅದು ಮಾಹಿತಿ ನೀಡಬೇಕೇ ಹೊರತು ನಾಟಕಗಳ ಯೋಗ್ಯತೆಯ ವಿಚಾರಣೆಗೆ ಇಳಿಯಬಾರದು ಎಂಬ ತತ್ವಕ್ಕೆ ಬದ್ಧವಾಯಿತು. 1966ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ತಂಡವೊಂದು ಟಾಮ್ ಸ್ಟಾಪರ್ಡ್ ಎಂಬ ಯುವ ಲೇಖಕನ ನಾಟಕವನ್ನು ಇಲ್ಲಿ ಆಡಿತು. ‘ಹ್ಯಾಮ್ಲೆಟ್’ನ ಎರಡು ಕಿರುಪಾತ್ರಗಳೇ ಅದರ ನಾಯಕರು. ಮರುವರ್ಷ ಲಂಡನ್ನಿನ ನ್ಯಾಷನಲ್ ಥಿಯೇಟರ್ ಅದನ್ನು ಕೈಗೆತ್ತಿಕೊಂಡಿತು.

ಈ ಅಂಚಿಗೆ ಭಾರತದ ಸಂಕಟವೂ ಬಂದು ಸೇರಿದೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿ ಯಾಯೆಲ್ ಫಾರ್ಬರ್ ರೂಪಿಸಿದ ‘ನಿರ್ಭಯಾ’ 2013ರಲ್ಲಿ ಅಲ್ಲಿ ಪ್ರದರ್ಶನಗೊಂಡಿತು. ಪೂರ್ಣಾ ಜಗನ್ನಾಥನ್ ಮೊದಲಾದ ನಟಿಯರು ತಾವೇ ಅನುಭವಿಸಿದ ದೌರ್ಜನ್ಯವನ್ನು ತಮ್ಮ ಬಾಯಿಂದಲೇ ಹೇಳಿದರು. ಪಾತ್ರದ ಮರೆಯಿಲ್ಲದ ಇಂಥ ಸಾಕ್ಷ್ಯವನ್ನು ನಾಟಕವೆನ್ನಬಹುದೇ ಎಂದು ಮೊದಲೇ ಇತ್ಯರ್ಥಪಡಿಸುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ.

ನಾನು ನೋಡಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಹಿಂದೆ ಪಶುವೈದ್ಯ ಕಾಲೇಜಾಗಿದ್ದ ಸಮ್ಮರ್‌ಹಾಲ್ ಕಟ್ಟಡದ ಶರೀರರಚನಾ ಪಾಠದ ಕೊಠಡಿಯಲ್ಲಿ, ಕಡಿದಾದ ಮರದ ಬೆಂಚುಗಳ ಮೇಲೆ ಕುಳಿತು ನಾವು ಕೆಳಗೆ ನೋಡುತ್ತಿದ್ದೆವು. ಮರೆಗುಳಿ ಕಾಯಿಲೆಯ ತಾಯಿಯನ್ನು ಒಂಬತ್ತು ವರ್ಷ ನೋಡಿಕೊಂಡ ಮಗಳಾಗಿ ಒಬ್ಬಳೇ ನಟಿ. ರಂಗಸಜ್ಜಿಕೆಯೆಂದರೆ ಒಂದು ಕುರ್ಚಿ, ಒಂದು ನೀರಿನ ಬಟ್ಟಲು. ತಾಯಿ ಬೇಗ ಹೋಗಬಾರದೇ ಎಂದು ತಾನು ಎಷ್ಟು ಬಾರಿ ಬಯಸಿದೆನೆಂಬುದನ್ನು ಅವಳು ಲೆಕ್ಕಪತ್ರ ಒಪ್ಪಿಸುವ ಧಾಟಿಯಲ್ಲಿ ಹೇಳುತ್ತಾ ಹೋದಳು. ನಮ್ಮ ಮನೆಗಳಲ್ಲಿಯೂ ಈ ಮಾತು ಇದೆ. ಅದನ್ನು ಯಾರೂ ಆಡುವುದಿಲ್ಲ. ಒಂದು ಗಂಟೆಗೆ ಆಟ ಮುಗಿಯಿತು. ಮುಂದಿನ ತಂಡ ಬಾಗಿಲಲ್ಲಿ ಕಾಯುತ್ತಿದ್ದುದರಿಂದ ಅವಳೇ ಕುರ್ಚಿ ಎತ್ತಿಕೊಂಡು ಹೊರಟಳು.

ಹದಿನಾಲ್ಕೂ ಹೀಗಿರಲಿಲ್ಲ. ಐದು ನಾಟಕಗಳು ತೀರಾ ಸಾಧಾರಣವಾಗಿದ್ದವು. ಒಂದರಲ್ಲಿ ಪ್ರೇಕ್ಷಕರೇ ಏಳು ಮಂದಿ. ಆದರೆ ಆ ಐದನ್ನು ತಡೆಯಬಲ್ಲ ಜರಡಿ ಈ ಒಂದನ್ನೂ ತಡೆಯುತ್ತಿತ್ತು ಎಂಬುದು ನನ್ನ ವಾದ. ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಹಲವು ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇನೆ. ಸಮಿತಿಯ ಸದಸ್ಯರು ಅರಸಿಕರಾಗಿರಬೇಕಿಲ್ಲ. ಆದರೆ ಪ್ರತಿ ಆಯ್ಕೆಗೂ ಕಡತದಲ್ಲಿ ಕಾರಣ ಬರೆಯಬೇಕು. ನಾಳೆ ಲೆಕ್ಕಪರಿಶೋಧಕರಿಗೂ ಶಾಸಕರಿಗೂ ಉತ್ತರಿಸಬೇಕು. ಪ್ರಸಿದ್ಧ ಲೇಖಕ, ಪ್ರಶಸ್ತಿ ಪಡೆದ ಕೃತಿ, ಅನುಭವಿ ತಂಡ ಇವೆಲ್ಲಕ್ಕೂ ಕಾರಣ ಸುಲಭವಾಗಿ ಸಿಗುತ್ತದೆ. ಹಿಂದೆ ಯಾರೂ ಮಾಡದ ಪ್ರಯೋಗಕ್ಕೆ ಅಂಥ ಆಧಾರ ಎಲ್ಲಿಂದ ಬರಬೇಕು?

ಹಾಗೆಂದು ಎಡಿನ್‌ಬರೊದಲ್ಲಿ ಎಲ್ಲವೂ ಮುಕ್ತವೆಂದು ಭ್ರಮಿಸಬೇಕಿಲ್ಲ. ಸಮಿತಿಯ ಬಾಗಿಲು ಇಲ್ಲದ ಕಡೆ ಹಣದ ಬಾಗಿಲು ಎದ್ದಿದೆ. ಸಭಾಂಗಣಗಳ ಬಾಡಿಗೆ, ಪ್ರಚಾರ, ಎಲ್ಲಕ್ಕಿಂತ ಮಿಗಿಲಾಗಿ ಆಗಸ್ಟ್ ತಿಂಗಳ ವಸತಿಯ ದುಬಾರಿ ದರ ಸೇರಿ, ಅನೇಕ ತಂಡಗಳು ನಷ್ಟದಲ್ಲಿಯೇ ಊರಿಗೆ ಮರಳುತ್ತವೆ. ನಾಲ್ಕು ಪಾತ್ರಗಳ ನಾಟಕಕ್ಕೆ ಇಂದಿಗೂ ನಾಲ್ವರು ನಟರೇ ಬೇಕು. ಉತ್ಪಾದಕತೆ ಏರದ ಈ ಕ್ಷೇತ್ರದ ವೆಚ್ಚ ಮಾತ್ರ ಏರುತ್ತಲೇ ಇರುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಬಾಮೊಲ್ ಮತ್ತು ಬೋವೆನ್ 1966ರಲ್ಲಿಯೇ ವಿವರಿಸಿದ್ದರು. ಹೀಗಾದಾಗ ಸಾಹಸವೂ ಉಳ್ಳವರ ಮಕ್ಕಳ ಹಕ್ಕಾಗುತ್ತದೆ. 1982ರಲ್ಲಿ ಎಡ್ಮಂಟನ್‌ನಲ್ಲಿ ಆರಂಭವಾದ ಕೆನಡಾದ ಫ್ರಿಂಜ್ ಪರಂಪರೆ ಇದಕ್ಕೆ ಒಂದು ಪರಿಹಾರ ಕಂಡುಕೊಂಡಿತು: ತಂಡಗಳನ್ನು ಬಹುಮಟ್ಟಿಗೆ ಲಾಟರಿ ಎತ್ತಿ ನಿರ್ಧರಿಸುವುದು, ಟಿಕೆಟ್‌ನ ಮೂಲ ಬೆಲೆಯನ್ನು ಪೂರ್ಣವಾಗಿ ಕಲಾವಿದರಿಗೇ ಕೊಡುವುದು.

ಕನ್ನಡಕ್ಕೆ ಇದು ಅಪರಿಚಿತ ಹಾದಿಯೇನಲ್ಲ. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದ್ದು ರವೀಂದ್ರ ಕಲಾಕ್ಷೇತ್ರದ ಒಳಗಲ್ಲ, ಅದರ ಹಿಂದಿನ ಬಯಲಿನಲ್ಲಿ. ಆಧುನಿಕ ಕನ್ನಡ ರಂಗಭೂಮಿಯ ಒಂದು ತಿರುವನ್ನು ನಾವು ಆ ಬಯಲಿನಿಂದಲೇ ಗುರುತಿಸುತ್ತೇವೆ. ಅನುದಾನಕ್ಕೆ ಸಮಿತಿಗಳು ಇರಲಿ. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕೇ ಬೇಕು. ಆದರೆ ಸರ್ಕಾರಿ ರಂಗಮಂದಿರಗಳಲ್ಲಿ ತಿಂಗಳಿಗೆ ನಾಲ್ಕು ದಿನಗಳನ್ನು, ರಜೆಯಲ್ಲಿ ಬೀಗ ಬೀಳುವ ಕಾಲೇಜು ಸಭಾಂಗಣಗಳನ್ನು ನಾಮಮಾತ್ರ ಬಾಡಿಗೆಗೆ ಚೀಟಿ ಎತ್ತಿ ಹೊಸ ತಂಡಗಳಿಗೆ ಹಂಚಲು ಯಾವ ತಜ್ಞರ ಶಿಫಾರಸೂ ಬೇಕಿಲ್ಲ. ನಾಟಕದ ಹಸ್ತಪ್ರತಿಯನ್ನು ಕೇಳದಿರುವುದೇ ಅದರ ಏಕೈಕ ನಿಯಮವಾಗಲಿ. ಕೆಲವು ಸಂಜೆ ಪ್ರೇಕ್ಷಕರು ಬೇಸರದಿಂದ ಮನೆಗೆ ಮರಳಬಹುದು. ಅಷ್ಟು ನಷ್ಟವನ್ನು ಈ ನಗರ ಭರಿಸಬಲ್ಲದು.