ಸಾಲ್ಮನ್ ಗಾಳಕ್ಕೆ ರಾಗಿಮುದ್ದೆ

ತೆರಕಣಾಂಬಿ ಕೆರೆ ನಂಬಿದ ಸೀಮೆ. ಇಲ್ಲಿ ಗಾಳವೆಂದರೆ ಬಿದಿರುಕಡ್ಡಿ, ದಾರ, ಬೆಂಡು, ತುದಿಗೊಂದು ಎರೆಹುಳು. ಆದರೆ ಈ ಊರಿನ ಬಡಗಣಕ್ಕೆ ಕಬಿನಿ, ತೆಂಕಣಕ್ಕೆ ಮೋಯಾರ್, ಈಶಾನ್ಯಕ್ಕೆ ಕಾವೇರಿ ಹರಿಯುತ್ತವೆ. ಜಗತ್ತಿನ ಗಾಳಗಾರರು ಹುಡುಕಿಕೊಂಡು ಬಂದ ಮೀನಿನ ಕಥೆ ನಡೆದದ್ದು ಈ ಮೂರು ಹೊಳೆಗಳಲ್ಲಿ.

ಮೀನು ಮಹಶೀರ್, ಕಾವೇರಿ ಕಡೆಯವರ ಬಾಯಲ್ಲಿ ಬಿಳಿಮೀನು. ಮೈಸೂರಿನಲ್ಲಿ ಬೇಟೆಯ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡ್ ತೂಗಿತು. ಅಂದರೆ 54 ಕಿಲೋಗೂ ಮಿಗಿಲು. ಅದಕ್ಕೂ ಮುಂಚೆ, 1919ರಲ್ಲಿ, ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನದನ್ನು ಎಳೆದಿದ್ದರು.

ಇಂಥ ಮೀನಿಗೆ ಬಳಸಿದ ವಿದ್ಯೆ ಮೊದಲಿಗೆ ಬಂದದ್ದು ಬ್ರಿಟನ್ನಿನ ಸಾಲ್ಮನ್ ಹೊಳೆಗಳಿಂದ. ಅದನ್ನು ಇಲ್ಲಿಯ ನೀರಿಗೆ ಒಗ್ಗಿಸಿ ಬರೆದವರಲ್ಲಿ ಮುಖ್ಯರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅವರ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ತೂಕಕ್ಕೆ ತೂಕ ಹೋಲಿಸಿದರೆ ಸೆಣಸಾಟದಲ್ಲಿ ಮಹಶೀರ್ ಸಾಲ್ಮನ್ನನ್ನು ಮೀರಿಸುತ್ತದೆ ಎಂಬುದು ಅವರ ವಾದ. ಸಾಲ್ಮನ್ನನ್ನೇ ಮೀನುಗಳ ರಾಜನೆಂದು ನಂಬಿದ್ದ ತನ್ನ ನಾಡಿನವರ ಎದುರು ಹೀಗೆ ಹೇಳಲು ಧೈರ್ಯ ಬೇಕಿತ್ತು.

ಸಾಲ್ಮನ್ ವಿದ್ಯೆಯ ಜೀವಾಳ ಫ್ಲೈ: ಕೊಕ್ಕೆಗೆ ಹಕ್ಕಿಪುಕ್ಕ, ತುಪ್ಪಳ, ರೇಷ್ಮೆ ನೂಲು ಸುತ್ತಿ ಕಟ್ಟಿದ ಹುಸಿಹುಳು. ಇದಕ್ಕೆ ತೂಕವೇ ಇಲ್ಲ. ಮಾಮೂಲಿ ಗಾಳದಲ್ಲಿ ಸೀಸದ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಪ್ಪ ದಾರದ ಭಾರವೇ ಹುಳುವನ್ನು ಒಯ್ಯಬೇಕು. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲಷ್ಟೇ ಮುಂದಕ್ಕೆ ಬೀಸಬೇಕು. ಹೊಸಬರು ಎಡವುವುದು ಈ ತಡೆಯುವಲ್ಲೇ.

ಮೊಟ್ಟೆ ಇಡಲು ಕಡಲಿನಿಂದ ಹೊಳೆಗೆ ಏರಿ ಬರುವ ಸಾಲ್ಮನ್ ದಾರಿಯಲ್ಲಿ ಹೆಚ್ಚುಕಡಿಮೆ ಮೇವನ್ನೇ ಮುಟ್ಟುವುದಿಲ್ಲ. ಹಾಗಾಗಿ ಅದನ್ನು ಕೆಣಕಬೇಕು. ಫ್ಲೈಯನ್ನು ಹೊಳೆಗೆ ಅಡ್ಡಲಾಗಿ, ತುಸು ಕೆಳಕ್ಕೆ ಎಸೆದು, ಹರಿವೇ ಅದನ್ನು ಬಾಗಿಸಿ ದಡದತ್ತ ತರಲು ಬಿಡುತ್ತಾರೆ. ಎಸೆತಕ್ಕೊಂದು ಹೆಜ್ಜೆ ಕೆಳಕ್ಕೆ ಸರಿಯುತ್ತಾರೆ. ಕಚ್ಚಿತೆಂದು ಅವಸರಪಟ್ಟು ಕೋಲೆತ್ತಿದರೆ ಮೀನು ತಪ್ಪುತ್ತದೆ. ಅದು ತಿರುಗಿ ದಾರ ತಾನಾಗಿ ಬಿಗಿಯಬೇಕು. ಪೆಸಿಫಿಕ್ ತೀರದ ಸ್ಟೀಲ್‌ಹೆಡ್‌ಗೂ ಬಹುಪಾಲು ಇದೇ ವರಸೆ. ಸ್ಟೀಲ್‌ಹೆಡ್ ಎಂದರೆ ಕಡಲಿಗೆ ಹೋಗಿಬರುವ ರೇನ್‌ಬೋ ಟ್ರೌಟ್. ಅದೇ ಜಾತಿಯ ಟ್ರೌಟ್ ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ನೀಲಗಿರಿಯ ತಣ್ಣೀರಿನಲ್ಲೂ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅದನ್ನು ಅಲ್ಲಿ ನೆಲೆಗೊಳಿಸಿದರು. ಬೋನ್‌ಫಿಶ್ ಮಾತ್ರ ಬೇರೆಯೇ ಲೋಕದ್ದು. ಬಹಾಮಾಸ್‌ನಂಥ ಕಡೆ ಮೊಣಕಾಲುದ್ದದ ಉಪ್ಪುನೀರಿನಲ್ಲಿ ಮೊದಲು ಮೀನನ್ನು ಕಣ್ಣಾರೆ ಕಂಡು, ಅದು ಸಾಗುವ ದಾರಿಗೆ ಮುಂದಾಗಿ ಫ್ಲೈ ಎಸೆದು, ಕೈಯಿಂದ ದಾರವನ್ನು ತುಸುತುಸುವೇ ಎಳೆದುಕೊಳ್ಳಬೇಕು.

ಕಾವೇರಿಯ ದೊಡ್ಡ ಬಿಳಿಮೀನಿನ ಮುಂದೆ ಈ ನಾಜೂಕು ಹೆಚ್ಚು ನಡೆಯಲಿಲ್ಲ. ಶಿವನಸಮುದ್ರದ ಕೆಳಗೆ ಹೊಳೆ ಬಂಡೆಗಳ ನಡುವೆ ನುಗ್ಗಿ, ಆಳದ ಮಡುಗಳಲ್ಲಿ ನಿಲ್ಲುತ್ತದೆ. ದೊಡ್ಡ ಮೀನು ತಳದಲ್ಲಿ ಏಡಿ, ಚಿಪ್ಪುಹುಳು, ಸಣ್ಣ ಮೀನು ಮೇಯುತ್ತದೆ. ಅದರ ಹಲ್ಲಿರುವುದು ಗಂಟಲಲ್ಲಿ. ಪುಕ್ಕದ ಹುಳು ಸಣ್ಣ ಮೀನಿಗಷ್ಟೇ ಸರಿ. ದೊಡ್ಡದಕ್ಕೆ ನಂಬಿಕೆಯ ಮೇವಾಗಿ ನಿಂತದ್ದು ಈ ನೆಲದ ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಗಾತ್ರದ ಉಂಡೆ ಕಟ್ಟಿ, ದೊಡ್ಡ ಒಂಟಿ ಕೊಕ್ಕೆಗೆ ಮೆತ್ತಿ ಮಡುವಿನ ತಳಕ್ಕೆ ಇಳಿಬಿಡುತ್ತಿದ್ದರು. ಸಾಲ್ಮನ್ ಕೋಲಿಗೆ ರಾಗಿಮುದ್ದೆ ಕೂಡಿಬಂದ ಈ ಘಟ್ಟವೇ ಇಡೀ ಚರಿತ್ರೆಯ ಸೊಗಸು.

ಸ್ವಾತಂತ್ರ್ಯದ ನಂತರ ಹೊರಗಿನವರು ಈ ಮೀನನ್ನು ಹೆಚ್ಚುಕಡಿಮೆ ಮರೆತರು. 1977–78ರಲ್ಲಿ ‘ಟ್ರಾನ್ಸ್‌ವರ್ಲ್ಡ್’ ತಂಡವೆಂದು ಹೊರಟ ಮೂವರು ಇಂಗ್ಲಿಷ್ ತರುಣರು ಕಾವೇರಿಯಲ್ಲಿ ಭಾರಿ ಮೀನು ಹಿಡಿದ ಮೇಲೆ ಮತ್ತೆ ಸುದ್ದಿಯಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರಗಳೆದ್ದವು. ಹಿಡಿದು, ತೂಗಿ, ಮರಳಿ ನೀರಿಗೆ ಬಿಡುವುದು ಅಲ್ಲಿಯ ನಿಯಮವಾಗಿತ್ತು. ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಮಾರ್ಗದರ್ಶಿಗಳಾಗಿ ಸಂಬಳಕ್ಕೆ ಸೇರಿದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ನಿಲ್ಲುತ್ತದೆಂದು ಬಲ್ಲವರು ಅವರೇ. ಮೊದಲ ಓಟದಲ್ಲಿ ಮೀನನ್ನು ತಡೆಯಬಾರದು, ಬಂಡೆಗೆ ದಾರ ಸಿಕ್ಕಿದರೆ ಹರಿಗೋಲಿನಲ್ಲಿ ಹಿಂದೆ ಹೋಗಿ ಬಿಡಿಸಬೇಕು ಎಂಬ ಪಾಠ ವಿದೇಶಿಯರಿಗೆ ಸಿಕ್ಕಿದ್ದು ಅವರಿಂದ. ಹೊಳೆ ಕಾಯಲು ಅವರಿಗಿಂತ ಯೋಗ್ಯರು ಇರಲಿಲ್ಲ.

ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು ತೀರ್ಮಾನವಾದದ್ದರಿಂದ, 2012ರ ಹೊತ್ತಿಗೆ ಕಾವೇರಿ ಅಭಯಾರಣ್ಯದಲ್ಲಿ ಗಾಳ ನಿಂತಿತು. ಉಳಿದದ್ದು ಶಿಬಿರಗಳ ದಾಖಲೆ ಪುಸ್ತಕಗಳು. ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಗಾಲಿಬೋರೆಯ 1998ರಿಂದ 2012ರವರೆಗಿನ ಲೆಕ್ಕ ಬಿಡಿಸಿದರು: 23,620 ಗಂಟೆ ಗಾಳ, 6,161 ಮೀನು. ಅದರೊಳಗೆ ಕಹಿಸುದ್ದಿಯಿತ್ತು. ಮೀನಿನ ಎಣಿಕೆ ಏರಿದಂತೆ ಸರಾಸರಿ ತೂಕ ಇಳಿದಿತ್ತು. ಏರುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದಂಥ ಮರಿಕೇಂದ್ರಗಳಲ್ಲಿ ಬೆಳೆಸಿ, ಹೊಳೆಗೆ ಒಳ್ಳೆಯದಾಗಲೆಂದು ಬಿಟ್ಟ ಜಾತಿ. ಕಾವೇರಿ ಕೊಳ್ಳದ್ದೇ ಆದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಕಣ್ಣೆದುರೇ ಕರಗುತ್ತಿತ್ತು. ಮೋಜಿನ ಗಾಳಗಾರರು ಬರೆದಿಡದಿದ್ದರೆ ಈ ಕುಸಿತಕ್ಕೆ ಸಾಕ್ಷಿ ಸಿಗುವುದೇ ಕಷ್ಟವಿತ್ತು.

ಅಲ್ಲಿಯವರೆಗೆ ಆ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. 2018ರಲ್ಲಿ ಸಂಶೋಧಕರು ಮೋಯಾರ್ ಹೊಳೆಯ ಮೀನುಗಳನ್ನು ಪರಿಶೀಲಿಸಿ ಅದು ‘ಟಾರ್ ರೆಮಾದೇವಿ’ ಎಂದು ಗುರುತಿಸಿದರು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ಹೆಸರು ಪಡೆದಿದ್ದ ಜಾತಿಯೇ ಇದು. 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕೊಡಗಿನ ವಾಲ್ನೂರು ಕಡೆ ಹಿಡಿದು ಬಿಡುವ ಗಾಳ ಉಳಿದುಕೊಂಡಿತು. ಗಾಲಿಬೋರೆಯ ಪುಸ್ತಕದಲ್ಲಿ 2012ರ ನಂತರದ ಪುಟಗಳಿಲ್ಲ; ಆ ಮಡುಗಳನ್ನು ಬಲ್ಲವರ ಕೈಗೇ ಎಣಿಕೆಯ ಕೆಲಸ ಕೊಟ್ಟು ಅದನ್ನು ಮುಂದುವರಿಸಲು ಈಗಲೂ ಸಾಧ್ಯವಿದೆ.