ಬಿಡುವಿನ ವೇಳೆಗೆ ಗಪ್ಪಿ ಮೀನು ಸಾಕಣೆ



ಮನೆಯ ಹಿತ್ತಿಲಲ್ಲಿ ಬಣ್ಣದ ಮೀನು ಸಾಕಬಹುದೇ ಎಂದು ಅನೇಕ ಸದಸ್ಯರು, ಅದರಲ್ಲೂ ಮಹಿಳಾ ಸಂಘಗಳ ಸದಸ್ಯೆಯರು ವಿಚಾರಿಸುತ್ತಿದ್ದಾರೆ. ಹೊಸಬರಿಗೆ ಗಪ್ಪಿ ಅತ್ಯಂತ ಸೂಕ್ತವಾದ ಮೀನು. ಇದರ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಸೊಳ್ಳೆ ಮರಿಗಳನ್ನು ತಿನ್ನುವುದರಿಂದ ಮಲೇರಿಯಾ ನಿಯಂತ್ರಣಕ್ಕೂ ಇದನ್ನು ಬಳಸುತ್ತಾರೆ. ಸ್ವಲ್ಪ ಗಡುಸಾದ ನೀರು ಇದಕ್ಕೆ ಒಗ್ಗುವುದರಿಂದ ನಮ್ಮ ಕೊಳವೆಬಾವಿಯ ನೀರೇ ಸಾಮಾನ್ಯವಾಗಿ ಸಾಕಾಗುತ್ತದೆ.

ತೊಟ್ಟಿ ಮತ್ತು ನೀರು

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಇದರಲ್ಲಿ 15ರಿಂದ 20 ದೊಡ್ಡ ಮೀನುಗಳನ್ನು ಇಡಬಹುದು. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣದ ಅಂಶ ಹೋಗುವವರೆಗೆ, ಅಂದರೆ 2-3 ವಾರ, ನೀರು ತುಂಬಿ ಚೆಲ್ಲುತ್ತಿರಬೇಕು. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಿರುವ ಜಾಗ ಒಳ್ಳೆಯದು. ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಕಪ್ಪೆ, ಮಿಂಚುಳ್ಳಿ ಬಾರದಂತೆ ಬಲೆ ಮುಚ್ಚಿರಿ.

ಕೊಟ್ಟಿಗೆಯಲ್ಲಿ ಗಂಜಲ ನಿಂತರೆ ಮೂಗಿಗೆ ಬಡಿಯುವ ಘಾಟು ಅಮೋನಿಯಾದ್ದು. ಮೀನಿನ ಮಲಿನ ಮತ್ತು ಉಳಿದ ಆಹಾರದಿಂದಲೂ ಇದೇ ಅಮೋನಿಯಾ ನೀರಿನಲ್ಲಿ ಸೇರುತ್ತದೆ. ಹಸುವಿನ ಮೆಲುಕು ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಜೀರ್ಣಿಸುವಂತೆ, ತೊಟ್ಟಿಯಲ್ಲಿಯೂ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಹಂತ ಹಂತವಾಗಿ ಕಡಿಮೆ ವಿಷದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಆದ್ದರಿಂದ ಮೊದಲು ನಾಲ್ಕೈದು ಮೀನು ಮಾತ್ರ ಬಿಡಿ. ವಾರಕ್ಕೊಮ್ಮೆ ನೀರಿನ ಕಾಲು ಭಾಗ ಮಾತ್ರ ಬದಲಾಯಿಸಿ. ಪೂರ್ತಿ ನೀರು ಚೆಲ್ಲಿ ತೊಟ್ಟಿ ಉಜ್ಜಿದರೆ ಈ ಜೀವಿಗಳೂ ನಾಶವಾಗುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಬಳಸಿರಿ.

ಆಹಾರ

ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಭಾಗ ಬೆರೆಸಿ, ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು ದಿನಕ್ಕೆ ಎರಡು ಸಲ ಕೊಡಿ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಬೂಷ್ಟು ಹಿಡಿದ ಹಿಂಡಿ ಹಸುವಿಗೆ ಹೇಗೆ ವರ್ಜ್ಯವೋ ಮೀನಿಗೂ ಹಾಗೆಯೇ. ಯೂರಿಯಾ ಬೆರೆತಿರಬಹುದಾದ್ದರಿಂದ ಪಶು ಆಹಾರವನ್ನು ತೊಟ್ಟಿಗೆ ಹಾಕಬೇಡಿ.

ಮರಿ ಮಾಡಿಸುವುದು

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಗಂಡು ಚಿಕ್ಕದು, ಬಣ್ಣದ ಬಾಲದ್ದು. ಹೆಣ್ಣು ದೊಡ್ಡದು, ಬಣ್ಣ ಮಸುಕು. ಒಂದು ಗಂಡಿಗೆ ಮೂರು ಹೆಣ್ಣು ಇರಲಿ. ಸುಮಾರು ನಾಲ್ಕು ವಾರಕ್ಕೊಮ್ಮೆ ಹೆಣ್ಣು ಮರಿ ಹಾಕುತ್ತದೆ. ದೊಡ್ಡ ಹೆಣ್ಣು ಒಂದು ಸೂಲಿಗೆ 50ಕ್ಕೂ ಹೆಚ್ಚು ಮರಿ ಹಾಕಬಲ್ಲದು. ಹೊಟ್ಟೆ ಉಬ್ಬಿ, ಗುದದ್ವಾರದ ಬಳಿಯ ಮಚ್ಚೆ ಕಪ್ಪಾದಾಗ ಅದನ್ನು ನೀರುಗಿಡ ದಟ್ಟವಾಗಿರುವ ಬೇರೆ ತೊಟ್ಟಿಗೆ ಬಿಡಿ. ಮರಿ ಹಾಕಿದ ಕೂಡಲೇ ತಾಯಿಯನ್ನು ತೆಗೆಯಿರಿ, ಇಲ್ಲವಾದರೆ ತನ್ನ ಮರಿಗಳನ್ನೇ ತಿನ್ನುತ್ತದೆ. ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಚಿಟಿಕೆಯಷ್ಟು ನೀರಿನಲ್ಲಿ ಕದಡಿ ಕೊಡಬಹುದು.

ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ಒಡಲಲ್ಲಿ ಉಳಿಸಿಕೊಂಡು ಹಲವು ತಿಂಗಳು ಮರಿ ಹಾಕಬಲ್ಲದು. ತಳಿ ಕೆಡಬಾರದೆಂದರೆ 3-4 ವಾರದ ಮರಿಗಳಲ್ಲೇ ಗಂಡು-ಹೆಣ್ಣು ಬೇರ್ಪಡಿಸಿ. ಒಂದೇ ಹೋರಿಯನ್ನು ಅದರ ಮಗಳಿಗೇ ಕೂಡಿಸುವುದಿಲ್ಲವಷ್ಟೆ? ಅಂತೆಯೇ ಆಗಾಗ್ಗೆ ಬೇರೆ ಕಡೆಯಿಂದ ಗಂಡು ಮೀನು ತಂದು ಬಿಡಬೇಕು. ಹೊಸ ಮೀನನ್ನು ಎರಡು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಚಿತವಾದ ಮೇಲೆ ಸೇರಿಸಿರಿ.

ಮುಖ್ಯ ಎಚ್ಚರಿಕೆಗಳು

1. ಉಣ್ಣೆ ನಿವಾರಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಿಗಳು ಮೀನಿಗೆ ಘೋರ ವಿಷ. ಔಷಧಿ ಕಲಸಿದ ಬಕೆಟ್, ತೊಳೆಯದ ಕೈ ಅಥವಾ ಗಾಳಿಯಲ್ಲಿ ತೇಲಿ ಬರುವ ಹನಿಗಳಿಂದಲೂ ಇಡೀ ತೊಟ್ಟಿಯ ಮೀನು ಸಾಯಬಹುದು. ಕೊಟ್ಟಿಗೆಗೆ ಸಿಂಪಡಿಸುವಾಗ ತೊಟ್ಟಿಯನ್ನು ಭದ್ರವಾಗಿ ಮುಚ್ಚಿರಿ. ಮೀನಿಗೆಂದೇ ಬೇರೆ ಬಕೆಟ್ ಇಡಿ.

2. ಹಾಲಿನ ಕ್ಯಾನ್ ತೊಳೆಯುವ ಸೋಪು, ಸೋಡಾ ಮತ್ತು ಬ್ರಷ್ ತೊಟ್ಟಿಗೆ ಸೋಕಬಾರದು.

3. ಹೆಚ್ಚಾದ ಗಪ್ಪಿಗಳನ್ನು ಕೆರೆ, ಹಳ್ಳಗಳಿಗೆ ಬಿಡಬೇಡಿ. ಅವು ಅಲ್ಲಿ ಬೇಗನೆ ಹೆಚ್ಚಿ ನಮ್ಮ ನಾಡಿನ ಸಣ್ಣ ಮೀನುಗಳಿಗೆ ಕುತ್ತಾಗುತ್ತವೆ.

4. ಮೀನು ಮರಿ ಹಾಕುವುದು ಸುಲಭ, ಮಾರುವುದು ಕಷ್ಟ. ಹಾಲಿಗಿರುವಂತೆ ಇದಕ್ಕೆ ದಿನವೂ ಕೊಳ್ಳುವ ಸಂಘವಿಲ್ಲ. ಹತ್ತಿರದ ಪಟ್ಟಣದ ಅಂಗಡಿಯವರೊಡನೆ ಮಾತನಾಡಿ, ಬೇಡಿಕೆ ತಿಳಿದ ಮೇಲೆಯೇ ಎರಡನೆಯ ತೊಟ್ಟಿ ಕಟ್ಟಿಸಿರಿ. ಸಾಲ ಮಾಡಿ ಆರಂಭಿಸಬೇಡಿ.

ಹೆಚ್ಚಿನ ವಿವರಗಳಿಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.